ಯಾರ ಓಣಿಯ ಹೆಸರು ಅಳಿಯುತ್ತದೆ?

ಕಲಬುರಗಿ ಜಿಲ್ಲೆಯ ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು 2023ರ ಚುನಾವಣೆಗೆ ಮುಂಚೆ ಆನ್‌ಲೈನ್‌ನಲ್ಲಿ ಬಂದ ಅರ್ಜಿಗಳು 6,018. ಅಧಿಕಾರಿಗಳು ಮನೆಮನೆಗೆ ಹೋಗಿ ವಿಚಾರಿಸಿದಾಗ ನಿಜವೆಂದು ಕಂಡುಬಂದದ್ದು 24. ಉಳಿದ 5,994 ಹೆಸರುಗಳವರು ಸತ್ತಿರಲಿಲ್ಲ, ಊರು ಬಿಟ್ಟಿರಲಿಲ್ಲ, ತಮ್ಮ ಹೆಸರು ತೆಗೆಯಿರಿ ಎಂದು ಯಾರಿಗೂ ಹೇಳಿರಲಿಲ್ಲ. ಅರ್ಜಿ ಯಾರ ಹೆಸರಿನಲ್ಲಿ ಬಂದಿತ್ತೋ ಅವರಿಗೂ ಇದರ ಸುದ್ದಿ ಗೊತ್ತಿರಲಿಲ್ಲ.

ಇದು ಬಯಲಾದದ್ದು ಯಾವ ಯಂತ್ರದಿಂದಲೂ ಅಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಒಬ್ಬರ ಕೈಗೆ ಬಂದ ಅರ್ಜಿಗಳಲ್ಲಿ ಅವರದೇ ಸಂಬಂಧಿಕರೊಬ್ಬರ ಹೆಸರಿತ್ತು. ಅರ್ಜಿ ಹಾಕಿದವರೆಂದು ತೋರಿಸಿದ್ದು ಅದೇ ಊರಿನವರನ್ನು. ಹೋಗಿ ಕೇಳಿದರೆ, ‘ನಾನು ಹಾಕಿಲ್ಲ’ ಎಂಬ ಉತ್ತರ. ಆಗ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಬಿ.ಆರ್. ಪಾಟೀಲರು ದೂರು ಕೊಟ್ಟರು, ಪರಿಶೀಲನೆ ನಡೆಯಿತು, 2023ರ ಫೆಬ್ರುವರಿಯಲ್ಲಿ ಚುನಾವಣಾ ಅಧಿಕಾರಿಯೇ ಪೊಲೀಸರಲ್ಲಿ ಪ್ರಕರಣ ದಾಖಲಿಸಿದರು. ಮೇ ತಿಂಗಳ ಚುನಾವಣೆಯಲ್ಲಿ ಪಾಟೀಲರು 10,348 ಮತಗಳಿಂದ ಗೆದ್ದರು. ಅದಕ್ಕೂ ಮೊದಲಿನ 2018ರ ಚುನಾವಣೆಯಲ್ಲಿ ಇದೇ ಕ್ಷೇತ್ರದ ಸೋಲು–ಗೆಲುವಿನ ಅಂತರ 697. ಆರು ಸಾವಿರ ಹೆಸರು ಎಂದರೆ ಎಷ್ಟು ಎಂಬುದನ್ನು ಈ 697ರ ಪಕ್ಕದಲ್ಲಿಟ್ಟು ನೋಡಬೇಕು.

ಮತದಾರರ ಗುರುತಿನ ಕಾನೂನುಗಳು ಜನಾಂಗೀಯ ತಾರತಮ್ಯ ಮಾಡುತ್ತವೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಹಳೆಯದು. ಅಲ್ಲಿನವರು ಕೇಳುವುದು ಮತಗಟ್ಟೆಯ ಬಾಗಿಲಲ್ಲಿ ತೋರಿಸಬೇಕಾದ ಫೋಟೊ ಗುರುತಿನ ಚೀಟಿಯ ಬಗ್ಗೆ. ಅದೇ ಪ್ರಶ್ನೆಯನ್ನು ಆಳಂದ, ಅಫಜಲಪುರ, ಜೇವರ್ಗಿಗೆ ತಂದು ಕೇಳಿದರೆ ಉತ್ತರ ಬಾಗಿಲಲ್ಲಿ ಸಿಗುವುದಿಲ್ಲ. ಇಲ್ಲಿ ಕೆಡುಕು ನಡೆಯುವುದು ಅದಕ್ಕೂ ಮೊದಲು, ಪಟ್ಟಿಯಲ್ಲಿ.

ಬಾಗಿಲ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಬಂತು. ಅದು ಇಲ್ಲದವರು ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಿಂಚಣಿ ಪತ್ರ, ಅಂಗವಿಕಲರ ಗುರುತಿನ ಚೀಟಿ ಹೀಗೆ ಹಲವು ದಾಖಲೆಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಕೂಲಿ ಮಾಡುವವರ ಜಾಬ್ ಕಾರ್ಡನ್ನು ಪಾಸ್‌ಪೋರ್ಟಿನ ಸಾಲಿಗೆ ಸೇರಿಸಿದ ಈ ಪಟ್ಟಿ ಬಡವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಟೆಕ್ಸಾಸ್ ರಾಜ್ಯ 2011ರಲ್ಲಿ ಮಾಡಿದ ಕಾನೂನನ್ನು ಇದರ ಪಕ್ಕ ಇಡಿ: ಬಂದೂಕು ಇಟ್ಟುಕೊಳ್ಳುವ ಪರವಾನಗಿ ತೋರಿಸಿದರೆ ಮತ, ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚೀಟಿ ತೋರಿಸಿದರೆ ಇಲ್ಲ. ಕಪ್ಪು ಜನ ಮತ್ತು ಲ್ಯಾಟಿನೊ ಸಮುದಾಯದ ಮೇಲೆ ಅದರ ಪರಿಣಾಮ ತಾರತಮ್ಯದ್ದು ಎಂದು 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮ ಮತಗಟ್ಟೆಯ ಬಾಗಿಲು ಅಷ್ಟು ಕಿರಿದಲ್ಲ.

ಆದರೆ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಹೆಸರು ಪಟ್ಟಿಯಲ್ಲಿರಬೇಕು. ವೋಟರ್ ಕಾರ್ಡು, ಆಧಾರ್, ರೇಷನ್ ಕಾರ್ಡು ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಅಜ್ಜಿಗೆ ‘ನಿಮ್ಮ ಹೆಸರು ಇಲ್ರಿ’ ಎಂದರೆ ಅಲ್ಲಿಗೆ ಮುಗಿಯಿತು. ಅಂದು ಆಕೆಗೆ ಯಾವ ದಾರಿಯೂ ಇಲ್ಲ. ಹೊಸದಾಗಿ ಸೇರಿಸುವ ನಮೂನೆ 6 ಇದೆ ನಿಜ, ಅದು ಮುಂದಿನ ಚುನಾವಣೆಗೆ.

ಸಂವಿಧಾನದ ಮಾತು ಸ್ಪಷ್ಟವಾಗಿದೆ. 325ನೇ ವಿಧಿಯ ಪ್ರಕಾರ ಧರ್ಮ, ಜನಾಂಗ, ಜಾತಿ, ಲಿಂಗ ಇವುಗಳಲ್ಲಿ ಯಾವುದರ ಕಾರಣಕ್ಕೂ ಯಾರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ. 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಹಾಗಿದ್ದೂ ಮೊದಲನೇ ಪಟ್ಟಿಯಲ್ಲೇ ಏನಾಯಿತು ಎಂಬುದನ್ನು ನೆನೆಯಬೇಕು. 1951–52ರ ಚುನಾವಣೆಗೆ ಪಟ್ಟಿ ಬರೆಯಲು ಹೋದವರಿಗೆ ಉತ್ತರ ಭಾರತದ ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ಹೇಳಿದರು. ಸ್ವಂತ ಹೆಸರಿಲ್ಲದೆ ಸೇರಿಸುವಂತಿಲ್ಲ ಎಂದು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನಿಂತರು. ಸುಮಾರು 28 ಲಕ್ಷ ಹೆಂಗಸರು ಆ ಸಲ ಹೊರಗುಳಿದರು. ನಿಯಮದಲ್ಲಿ ಹೆಣ್ಣು ಎಂಬ ಪದವೇ ಇರಲಿಲ್ಲ. ಹೆಸರು ಹೇಳಿ ಎಂಬ ನಿಯಮ ಗಂಡಿಗೂ ಹೆಣ್ಣಿಗೂ ಒಂದೇ ಆಗಿತ್ತು. ಏಟು ಬಿದ್ದದ್ದು ಮಾತ್ರ ಒಂದೇ ಕಡೆ. ಸೇನ್ ಅವರ ನಿಲುವಿನಿಂದ ಮುಂದಿನ ಚುನಾವಣೆಗಳಲ್ಲಿ ಹೆಣ್ಣಿಗೆ ತನ್ನದೇ ಹೆಸರು ಸಿಕ್ಕಿತು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಎಲ್ಲರಿಗೂ ಒಂದೇ ಆದ ನಿಯಮ ಎಲ್ಲರ ಮೇಲೂ ಒಂದೇ ತೂಕವಾಗಿ ಬೀಳುವುದಿಲ್ಲ ಎಂಬುದಕ್ಕೆ ನಮ್ಮ ದೇಶದ ಮೊದಲ ಸಾಕ್ಷಿ ಅದು.

ನಮ್ಮ ಭಾಗದಲ್ಲಿ ಆ ತೂಕ ಯಾರ ಮೇಲೆ ಬೀಳುತ್ತದೆ? ಕಲಬುರಗಿ ಜಿಲ್ಲೆಯಲ್ಲಿ ಸುಮಾರು ಕಾಲು ಭಾಗ ಜನ ಪರಿಶಿಷ್ಟ ಜಾತಿಯವರು, ಹತ್ತಿರಹತ್ತಿರ ಐದನೇ ಒಂದು ಭಾಗ ಮುಸ್ಲಿಮರು. 2011ರ ಜನಗಣತಿಯಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ 55. ತೊಗರಿ ರಾಶಿ ಮುಗಿಯುತ್ತಿದ್ದಂತೆ ತಾಂಡಾಗಳು, ಹೊಲವಿಲ್ಲದವರ ಓಣಿಗಳು ಅರ್ಧಕ್ಕರ್ಧ ಖಾಲಿ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು, ಕಬ್ಬಿನ ಹೊಲ, ಇಟ್ಟಿಗೆ ಭಟ್ಟಿ, ಕಟ್ಟಡ ಕೆಲಸ. ಅಂಥ ಹೊತ್ತಿನಲ್ಲಿ ಬಿಎಲ್‌ಒ ಬಾಗಿಲು ಬಡಿದರೆ ಒಳಗಿರುವುದು ಮುದುಕಿ ಮತ್ತು ಮೊಮ್ಮಕ್ಕಳು. ‘ಮನ್ಯಾಗ ಯಾರ್ಯಾರ ಅದಾರ್ರಿ?’ ಎಂದು ಕೇಳಿದರೆ, ‘ಎಲ್ಲಾರೂ ದುಡಿಲಾಕ ಪುಣಾಕ ಹೋಗ್ಯಾರ್ರಿ ಅಕ್ಕೋರೆ, ಯುಗಾದಿಗಿ ಬರ್ತಾರ’ ಎಂಬ ಉತ್ತರ. ಈ ಒಂದು ವಾಕ್ಯವನ್ನು ಹಾಳೆಯ ಮೇಲೆ ಎರಡು ರೀತಿ ಬರೆಯಬಹುದು. ‘ತಾತ್ಕಾಲಿಕವಾಗಿ ಹೊರಗಿದ್ದಾರೆ’ ಎಂದರೆ ಆ ಮನೆಯ ಐದು ಹೆಸರು ಉಳಿಯುತ್ತವೆ. ‘ಸ್ಥಳಾಂತರ’ ಎಂದರೆ ಐದೂ ಹೋಗುತ್ತವೆ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 20ನೇ ಕಲಮು ತಾತ್ಕಾಲಿಕವಾಗಿ ಹೊರಗಿರುವವರು ಊರಿನ ವಾಸಿಗಳಾಗಿಯೇ ಉಳಿಯುತ್ತಾರೆ ಎಂದು ಬಿಡಿಸಿ ಹೇಳಿದೆ. ಆದರೆ ಬಾಗಿಲಲ್ಲಿ ನಿಂತವರು ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮಾಸ್ತರು. ತಮ್ಮ ದಿನದ ಕೆಲಸದ ಜೊತೆಗೆ ಸಾವಿರದಷ್ಟು ಹೆಸರು ನೋಡಬೇಕಾದವರು. ಅವರನ್ನು ದೂರಿ ಪ್ರಯೋಜನವಿಲ್ಲ. ಗುಳೆ ಹೋಗುವ ಓಣಿಗೆ ಗುಳೆ ಹೋದ ತಿಂಗಳಲ್ಲೇ ಅವರನ್ನು ಕಳಿಸಿ ಇಷ್ಟು ದಿನದೊಳಗೆ ಮುಗಿಸಿ ಎನ್ನುವುದನ್ನು ದೂರಬೇಕು.

ಗುಳೆ ಹೋಗುವವರ ಜಾತಿ ಯಾವುದು ಎಂದು ನಿಯಮ ಕೇಳುವುದಿಲ್ಲ. ಹೊಲವಿದ್ದವರು ಕಡಿಮೆ ಹೋಗುತ್ತಾರೆ, ಇಲ್ಲದವರು ಹೆಚ್ಚು ಹೋಗುತ್ತಾರೆ. ಹೊಲ ಯಾರಿಗಿದೆ ಯಾರಿಗಿಲ್ಲ ಎಂಬುದನ್ನು ಈ ಸೀಮೆಯಲ್ಲಿ ಜಾತಿಯೇ ಬಹಳ ಮಟ್ಟಿಗೆ ನಿರ್ಧರಿಸಿದೆ.

ಹೆಸರಿನ ಅಕ್ಷರದ ತೊಡಕೂ ಇದೆ. ನಮ್ಮ ಪಟ್ಟಿಗಳಲ್ಲಿ ಹೆಸರು ಬರೆಯುವುದು ‘ಶರಣಪ್ಪ ತಂದೆ ಮಲ್ಲಪ್ಪ’, ‘ಬಸಮ್ಮ ಗಂಡ ಶರಣಪ್ಪ’ ಎಂದು. ಶರಣಪ್ಪನನ್ನು ಯಾರು ಬರೆದರೂ ಶರಣಪ್ಪನೇ. ಮಹಮ್ಮದ್, ಮಹ್ಮದ, ಮೊಹಮ್ಮದ್ ಮೂವರಾಗುತ್ತಾರೆ. ಚವ್ಹಾಣ, ಚವಾಣ್, ಚೌಹಾಣ್ ಕೂಡ ಹಾಗೆಯೇ. ಒಂದು ಕಡೆ ‘ಬೀ’, ಇನ್ನೊಂದು ಕಡೆ ‘ಬೇಗಂ’. ಬರೆದವರು ಗುಮಾಸ್ತರು, ಉತ್ತರ ಕೊಡಬೇಕಾದವರು ಹೆಸರಿನ ಒಡೆಯರು. ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯ ಊರುಗಳಿಗೆ ಇನ್ನೊಂದು ಕಷ್ಟ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಊರುಗಳೊಳಗೆ ನೀರು ನುಗ್ಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಕಾಳಜಿ ಕೇಂದ್ರಗಳಿಗೆ ಹೋದರು. ಟ್ರಂಕಿನ ತಳದಲ್ಲಿಟ್ಟ ಕಾಗದಪತ್ರ ನೆನೆದು ಮುದ್ದೆಯಾಗುವುದು ಹೊಳೆಗೆ ಹತ್ತಿರವಾದ ಮಣ್ಣಿನ ಮನೆಯಲ್ಲಿ. ದಿಬ್ಬದ ಮೇಲಿನ ವಾಡೆಗೆ ಆ ಭಯ ಕಡಿಮೆ.

ಇಷ್ಟೆಲ್ಲ ಯಾರ ದುರುದ್ದೇಶವೂ ಇಲ್ಲದೆ ಆಗುವ ಅನ್ಯಾಯ. ಆಳಂದದಲ್ಲಿ ಆದದ್ದು ಬೇರೆ. ಅಲ್ಲಿ ಉದ್ದೇಶವಿತ್ತು.

ಹೆಸರು ತೆಗೆಯಲು ಕೊಡುವ ಅರ್ಜಿಗೆ ನಮೂನೆ 7 ಎಂದು ಹೆಸರು. ಅದನ್ನು ಕೊಡುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ತನ್ನ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಮೊಬೈಲ್ ನಂಬರ್, ಆಮೇಲೆ ಯಾರ ಹೆಸರು ತೆಗೆಯಬೇಕೋ ಅವರ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಕಾರಣ. ಕಾರಣಗಳನ್ನು ಮೊದಲೇ ಅಚ್ಚು ಮಾಡಿರುತ್ತಾರೆ: ಸತ್ತಿದ್ದಾರೆ, ಸ್ಥಳ ಬಿಟ್ಟಿದ್ದಾರೆ, ಎರಡು ಕಡೆ ಹೆಸರಿದೆ ಇತ್ಯಾದಿ. ಒಂದರ ಮುಂದೆ ಗುರುತು ಹಾಕಿದರಾಯಿತು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಎಂದು ಅದೇ 1950ರ ಕಾಯ್ದೆಯ 31ನೇ ಕಲಮು ಹೇಳುತ್ತದೆ. ಆದರೆ ಆಳಂದದಲ್ಲಿ ಅರ್ಜಿ ಹಾಕಿದವರೆಂದು ಕಾಣಿಸಿದ್ದು ಊರಿನವರ ಹೆಸರು, ಒಟಿಪಿ ಹೋದದ್ದು ಬೇರೆ ರಾಜ್ಯಗಳ ಮೊಬೈಲ್ ನಂಬರುಗಳಿಗೆ. ಜೈಲಿನ ಭಯ ಯಾರಿಗೆ? ಇದನ್ನೇ ಲೋಕಸಭೆಯ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ 2025ರ ಸೆಪ್ಟೆಂಬರ್ 18ರಂದು ಪತ್ರಿಕಾಗೋಷ್ಠಿಯಲ್ಲಿ ತೋರಿಸಿದರು. ನಸುಕಿನ ನಾಲ್ಕು ಗಂಟೆಗೆ ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ 36 ಸೆಕೆಂಡಿನೊಳಗೆ ಎರಡು ಅರ್ಜಿ ಹೋಗಿವೆ, ಕಾಂಗ್ರೆಸ್ ಬಲವಾಗಿರುವ ಮತಗಟ್ಟೆಗಳನ್ನೇ ಆರಿಸಿಕೊಂಡಿದ್ದಾರೆ, ಗುರಿಯಾಗುವವರು ದಲಿತರು, ಹಿಂದುಳಿದವರು, ಆದಿವಾಸಿಗಳು, ಅಲ್ಪಸಂಖ್ಯಾತರು ಎಂಬುದು ಅವರ ಆರೋಪ. ಚುನಾವಣಾ ಆಯೋಗ ಅದನ್ನು ಆಧಾರವಿಲ್ಲದ್ದು ಎಂದಿತು. ಸಾರ್ವಜನಿಕರು ಯಾರೂ ಆನ್‌ಲೈನ್‌ನಲ್ಲಿ ಹೆಸರು ಅಳಿಸಲು ಬರುವುದಿಲ್ಲ, ಆಳಂದದ ಪ್ರಯತ್ನ ಫಲಿಸಲಿಲ್ಲ, ಪ್ರಕರಣ ದಾಖಲಿಸಿದ್ದು ನಮ್ಮ ಅಧಿಕಾರಿಯೇ ಎಂಬುದು ಆಯೋಗದ ಉತ್ತರ.

ಆಯೋಗ ಹೇಳಿದ್ದರಲ್ಲಿ ಸತ್ಯವಿದೆ. ಅರ್ಜಿಯೇ ಅಳಿಸುವಿಕೆಯಲ್ಲ, ಆ 5,994 ಹೆಸರುಗಳು ಉಳಿದವು. ಆದರೆ ತನಿಖೆಗೆ ಬೇಕಾದ ತಾಂತ್ರಿಕ ವಿವರಗಳಿಗಾಗಿ ಪ್ರಕರಣದ ತನಿಖೆ ನಡೆಸುತ್ತಿದ್ದ ಸಿಐಡಿ ಆಯೋಗಕ್ಕೆ ಮತ್ತೆಮತ್ತೆ ಪತ್ರ ಬರೆಯಬೇಕಾಯಿತು ಎಂಬುದು ಅಷ್ಟೇ ಸತ್ಯ. ಕೇಳಿದ್ದು ಯಾವ ಕಂಪ್ಯೂಟರಿನಿಂದ ಅರ್ಜಿ ಬಂತು, ಒಟಿಪಿ ಎಲ್ಲಿ ಹೋಯಿತು ಎಂಬ ಮಾಹಿತಿ. ಹೆಸರು ಉಳಿಯಿತಲ್ಲ, ಇನ್ನೇನು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಬಿಎಲ್‌ಒ ಒಬ್ಬರ ಸಂಬಂಧಿಕರ ಹೆಸರು ಆ ಕಟ್ಟಿನಲ್ಲಿ ಬಾರದೇ ಹೋಗಿದ್ದರೆ ಆರು ಸಾವಿರ ಮನೆಗಳ ಬಾಗಿಲು ಬಡಿದು ನೋಡುವ ಯೋಚನೆ ಯಾರಿಗೆ ಬರುತ್ತಿತ್ತು?

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಅಧಿಕಾರಿ ಬಿ.ಕೆ. ಸಿಂಗ್ ಅವರ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ಮಾಡಿತು. ಕಲಬುರಗಿಯಲ್ಲಿ ಕೂತು ಅರ್ಜಿ ತುಂಬಿದವರಿಗೆ ಒಂದು ಅರ್ಜಿಗೆ 80 ರೂಪಾಯಿ ಸಂದಾಯವಾಗಿದೆ ಎಂದು ತಂಡ ಕಂಡುಕೊಂಡ ಸುದ್ದಿ ಬಂತು. ಒಟಿಪಿಯ ಜಾಡು ಪಶ್ಚಿಮ ಬಂಗಾಳದವರೆಗೆ ಹೋಯಿತು. ಡಿಸೆಂಬರಿನಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಆಳಂದದ ಮಾಜಿ ಶಾಸಕ ಸುಭಾಷ ಗುತ್ತೇದಾರ, ಅವರ ಮಗ ಮತ್ತು ಇನ್ನು ಕೆಲವರ ಹೆಸರಿದೆ. ಗುತ್ತೇದಾರ ಅವರು ತಮಗೆ ಇದರಲ್ಲಿ ಕೈವಾಡವಿಲ್ಲ ಎಂದು ಹೇಳುತ್ತ ಬಂದಿದ್ದಾರೆ. ತಪ್ಪು ಯಾರದೆಂದು ನ್ಯಾಯಾಲಯ ಹೇಳಬೇಕು, ಅಲ್ಲಿಯವರೆಗೆ ಯಾರನ್ನೂ ತಪ್ಪಿತಸ್ಥರೆನ್ನುವ ಹಕ್ಕು ನನಗಿಲ್ಲ. ನನ್ನನ್ನು ಕಾಡುವುದು ಆ 80 ರೂಪಾಯಿ. ಒಬ್ಬ ಕೂಲಿಕಾರಳ ಐದು ವರ್ಷದ ಮತ ಅಳಿಸಲು ಯತ್ನಿಸುವುದಕ್ಕೆ ಆಕೆಯ ಅರ್ಧ ದಿನದ ಕೂಲಿಗಿಂತ ಕಡಿಮೆ ಹಣ ಸಾಕಾಯಿತೆಂದರೆ, ಆ ಹಕ್ಕಿಗೆ ನಾವು ಎಂಥ ಕಾವಲು ಇಟ್ಟಿದ್ದೇವೆ?

ಇಲ್ಲಿ ಇದು ಪಕ್ಷದ ಜಗಳವೋ ಜಾತಿಯ ತಾರತಮ್ಯವೋ ಎಂದು ಕೇಳುತ್ತಾರೆ. ಎರಡನ್ನೂ ಬೇರೆ ಮಾಡಲು ನಮ್ಮ ಊರುಗಳ ಕಟ್ಟೋಣವೇ ಬಿಡುವುದಿಲ್ಲ. ಎಣಿಕೆ ಮುಗಿದ ಮೇಲೆ ಆಯೋಗ ನಮೂನೆ 20ರಲ್ಲಿ ಮತಗಟ್ಟೆವಾರು ಲೆಕ್ಕ ಪ್ರಕಟಿಸುತ್ತದೆ. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಎಂದು ಯಾರು ಬೇಕಾದರೂ ನೋಡಬಹುದು. ಮತಗಟ್ಟೆಯ ಭಾಗ ಎಂದರೆ ನಮ್ಮ ಹಳ್ಳಿಗಳಲ್ಲಿ ಕೆಲವು ಓಣಿಗಳು. ಓಣಿ ಎಂದರೆ ಜಾತಿ. ತಾಂಡಾ ಬೇರೆ, ದಲಿತರ ಕೇರಿ ಬೇರೆ, ಮುಸ್ಲಿಮರ ಮೊಹಲ್ಲಾ ಬೇರೆ, ಗೌಡರ ಓಣಿ ಬೇರೆ. ಎದುರಾಳಿಯ ಮತ ಕಡಿಮೆ ಮಾಡಬೇಕೆಂದು ಮತಗಟ್ಟೆ ಆರಿಸಿಕೊಂಡವನು ಜಾತಿಯ ಹೆಸರು ಎತ್ತದೆಯೇ ಜಾತಿಯನ್ನು ಆರಿಸಿಕೊಂಡಂತಾಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಶಾಸಕರು ಯಾವ ಜನಾಂಗದವರು ಯಾವ ರೀತಿ ಮತ ಹಾಕುತ್ತಾರೆ ಎಂಬ ಅಂಕಿಅಂಶ ತರಿಸಿಕೊಂಡು, ಕಪ್ಪು ಜನ ಹೆಚ್ಚು ಬಳಸುತ್ತಿದ್ದ ಅನುಕೂಲಗಳನ್ನೇ ಕತ್ತರಿಸಿ, ಅವರಲ್ಲಿ ಕಡಿಮೆ ಇದ್ದ ಗುರುತಿನ ಚೀಟಿಗಳನ್ನೇ ಕಡ್ಡಾಯ ಮಾಡಿದ್ದರು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. ಪಕ್ಷದ ಲಾಭಕ್ಕೆ ಮಾಡಿದ್ದಾದರೂ ಜನಾಂಗವನ್ನು ಹಿಡಿದು ಮಾಡಿದರೆ ಅದು ಜನಾಂಗೀಯ ತಾರತಮ್ಯವೇ ಎಂಬುದು ಆ ತೀರ್ಪಿನ ತಿರುಳು. ಆ ಮಾತು ನಮ್ಮ ಓಣಿಗಳಿಗೆ ಇನ್ನೂ ಹೆಚ್ಚು ಒಪ್ಪುತ್ತದೆ.

ಮತಗಟ್ಟೆಗಳ ಮತಗಳನ್ನು ಕೂಡಿಸಿ ಎಣಿಸುವ ಟೋಟಲೈಸರ್ ಯಂತ್ರ ಬಳಸಿ ಎಂದು ಕಾನೂನು ಆಯೋಗ 2015ರಲ್ಲೇ ಶಿಫಾರಸು ಮಾಡಿತ್ತು. ಯಾವ ಊರು ಯಾರಿಗೆ ಹಾಕಿತು ಎಂದು ತಿಳಿಯದಿದ್ದರೆ ಆಮೇಲೆ ಆ ಊರಿನ ಮೇಲೆ ಹಗೆ ತೀರಿಸಲು ಬರುವುದಿಲ್ಲ ಎಂಬುದು ಅದರ ವಾದ. ಯಾವ ಊರಿನ ಹೆಸರು ಅಳಿಸಬೇಕು ಎಂದು ಲೆಕ್ಕ ಹಾಕಲೂ ಬರುವುದಿಲ್ಲ ಎಂಬುದನ್ನು ಆಳಂದ ಈಗ ಸೇರಿಸಿದೆ. ಅದು ಇನ್ನೂ ಜಾರಿಗೆ ಬಂದಿಲ್ಲ.

ನನ್ನ ವಾದಕ್ಕೆ ಎದುರಾದ ಒಂದು ಅಧ್ಯಯನವನ್ನು ಮುಚ್ಚಿಡಬಾರದು. ಕ್ಯಾಂಟೋನಿ ಮತ್ತು ಪೋನ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ 2008ರಿಂದ 2018ರವರೆಗಿನ ಮತದಾನದ ದಾಖಲೆ ನೋಡಿ, ಕಟ್ಟುನಿಟ್ಟಿನ ಗುರುತಿನ ಕಾನೂನಿನಿಂದ ನೋಂದಣಿಯಾಗಲಿ ಮತದಾನವಾಗಲಿ ಗಮನಾರ್ಹವಾಗಿ ಇಳಿದಿಲ್ಲ, ಯಾವ ಜನಾಂಗದಲ್ಲೂ ಇಳಿದಿಲ್ಲ ಎಂದು 2021ರಲ್ಲಿ ಬರೆದರು. ಅದೇ ಅಧ್ಯಯನದ ಇನ್ನೊಂದು ಮುಖವೂ ಇದೆ: ಈ ಕಾನೂನುಗಳಿಂದ ಮೋಸದ ಮತದಾನವೂ ಇಳಿದಂತೆ ಕಂಡಿಲ್ಲ. ಒಟ್ಟು ಲೆಕ್ಕದಲ್ಲಿ ಹಾನಿ ಕಾಣದಿರುವುದು ಸಮಾಧಾನದ ಸಂಗತಿ. ಆದರೆ ಹಕ್ಕು ಒಟ್ಟು ಲೆಕ್ಕದ್ದಲ್ಲ, ಒಬ್ಬೊಬ್ಬರದು. ಮತ್ತು ಅಲ್ಲಿ ಅಳೆದದ್ದು ಬಾಗಿಲಲ್ಲಿ ಕೇಳುವ ಚೀಟಿಯ ಪರಿಣಾಮವನ್ನು, ಪಟ್ಟಿಯಿಂದ ಹೆಸರು ಕೀಳುವುದರ ಪರಿಣಾಮವನ್ನಲ್ಲ. ಚೀಟಿ ಇಲ್ಲದವರು ಹೋಗಿ ಮಾಡಿಸಿಕೊಂಡು ಬರಬಹುದು, ಹೆಸರು ಹೋದದ್ದೇ ತಿಳಿಯದವರು ಏನು ಮಾಡಲು ಸಾಧ್ಯ?

ನಮ್ಮ ಸುಪ್ರೀಂ ಕೋರ್ಟ್ ಇದಕ್ಕೆ 1995ರಲ್ಲೇ ದಾರಿ ಹಾಕಿಕೊಟ್ಟಿದೆ. ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಮುಂಬೈ, ದೆಹಲಿಯ ಕೆಲವು ಬಡಾವಣೆಗಳ ಮತದಾರರನ್ನು ವಿದೇಶಿಯರೆಂದು ಶಂಕಿಸಿ ನೋಟಿಸು ಕೊಟ್ಟು ಪುರಾವೆ ಕೇಳಿದ್ದರು. ಪಟ್ಟಿಯಲ್ಲಿ ಒಮ್ಮೆ ಹೆಸರಿದ್ದರೆ ಅದು ಸರಿಯಾಗಿ ಸೇರಿದ್ದೆಂದು ಭಾವಿಸಬೇಕು, ತೆಗೆಯುವ ಮುಂಚೆ ಆತನ ಮಾತು ಕೇಳಬೇಕು ಎಂದು ಕೋರ್ಟ್ ಹೇಳಿತು. 1950ರ ಕಾಯ್ದೆಯ 22ನೇ ಕಲಮು ಕೂಡ ವಿಚಾರಣೆಗೆ ಅವಕಾಶ ಕೊಡದೆ ಹೆಸರು ತೆಗೆಯಬಾರದು ಎನ್ನುತ್ತದೆ. ಕಾನೂನು ನಮ್ಮಲ್ಲಿ ಕೆಟ್ಟದ್ದಲ್ಲ. ಅದನ್ನು ಓಣಿಯವರೆಗೆ ಒಯ್ಯುವುದೇ ಕೆಲಸ. ನೋಟಿಸನ್ನು ಬೀಗ ಹಾಕಿದ ಬಾಗಿಲಿಗೆ ಅಂಟಿಸಿ ಬಂದರೆ ಪುಣೆಯ ಕಟ್ಟಡದ ಮೇಲೆ ಕಲ್ಲು ಹೊರುವವನ ಮಾತು ಕೇಳಿದಂತಾಗುವುದಿಲ್ಲ. ಅಳಿಸುವ ಅರ್ಜಿಗಳ ಪಟ್ಟಿಯನ್ನು ಪಂಚಾಯಿತಿ ಕಟ್ಟೆಯ ಮೇಲೆ, ತಾಂಡಾದ ಸೇವಾಲಾಲ ಗುಡಿಯ ಮುಂದೆ, ಮಸೀದಿಯ ಹತ್ತಿರ ಓದಿ ಹೇಳಿಸಿ. ಯಾರ ಹೆಸರು ತೆಗೆಯಲು ಯಾರು ಕೇಳಿದ್ದಾರೆ ಎಂದು ಊರಿಗೆ ಗೊತ್ತಾಗಲಿ. ಆಳಂದದ ಮೋಸ ಬಿದ್ದದ್ದು ‘ನಾನು ಹಾಕಿಲ್ಲ’ ಎಂಬ ಒಂದು ಮಾತಿಗೆ. ಆ ಪ್ರಶ್ನೆಯನ್ನು ಪ್ರತಿ ಅರ್ಜಿದಾರರಿಗೂ ಮುಖಾಮುಖಿ ಕೇಳುವುದು ಕಡ್ಡಾಯವಾಗಬೇಕು.

ಈಗ ಇನ್ನೂ ದೊಡ್ಡ ಪರಿಷ್ಕರಣೆಯ ಕಾಲ. ಬಿಹಾರದಲ್ಲಿ 2025ರ ಜೂನ್‌ನಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಅವುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟಿನಲ್ಲಿ ಆದೇಶಿಸಿತು. ಆಧಾರನ್ನೂ ಗುರುತಿನ ದಾಖಲೆಯಾಗಿ ಒಪ್ಪಿ ಎಂದು ಸೆಪ್ಟೆಂಬರಿನಲ್ಲಿ ಹೇಳಿತು. ಕರ್ನಾಟಕದಲ್ಲಿ ಇಂಥ ಪರಿಷ್ಕರಣೆ ಹಿಂದೆ ನಡೆದದ್ದು 2002ರಲ್ಲಿ, ಹಾಗಾಗಿ ನಮ್ಮ ಹೆಸರು ಅಥವಾ ತಂದೆತಾಯಿಯ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ತಾಳೆ ನೋಡುವ ಮಾತು.

ಇದು ಅತಿ ಹೆಚ್ಚು ಕಾಡುವುದು ಗಡಿಯ ಸೊಸೆಯಂದಿರನ್ನು. ಆಳಂದ, ಅಫಜಲಪುರದ ಮನೆಗಳಿಗೆ ಅಕ್ಕಲಕೋಟೆ, ಸೋಲಾಪುರ ಕಡೆಯಿಂದ ಹೆಣ್ಣು ತರುವುದು ತಲೆಮಾರುಗಳ ಸಂಬಂಧ. 2002ರಲ್ಲಿ ಎಂಟು ಹತ್ತು ವರ್ಷದ ಹುಡುಗಿಯಾಗಿದ್ದವಳು ಈಗ ಮೂರು ಮಕ್ಕಳ ತಾಯಿ. ಆಕೆಯ ಹೆಸರು ಯಾವ ಹಳೆಯ ಪಟ್ಟಿಯಲ್ಲೂ ಇಲ್ಲ. ಅಪ್ಪನ ಹೆಸರಿರುವುದು ಮಹಾರಾಷ್ಟ್ರದ ಪಟ್ಟಿಯಲ್ಲಿ, ಮರಾಠಿಯಲ್ಲಿ. ಅದನ್ನು ಹುಡುಕಿ ತಾ ಎಂದು ಆಕೆಗೆ ಹೇಳಿದರೆ, ಅಣ್ಣನಿಗೆ ಫೋನು ಹಚ್ಚಿ, ಕೂಲಿ ಬಿಟ್ಟು ಬಸ್ಸು ಹತ್ತಿ, ಎರಡು ತಾಲ್ಲೂಕು ಕಚೇರಿ ತಿರುಗಬೇಕು. ಅದೇ ಮನೆಯ ಗಂಡನಿಗೆ ಊರ ಪಟ್ಟಿಯಲ್ಲೇ ಅಪ್ಪನೂ ಅಜ್ಜನೂ ಸಿಗುತ್ತಾರೆ. ಕಲಬುರಗಿ ಮತ್ತು ಸೋಲಾಪುರ ಜಿಲ್ಲಾಡಳಿತಗಳ ಕೈಯಲ್ಲಿ ಎರಡೂ ಪಟ್ಟಿಗಳಿವೆ, ಕಂಪ್ಯೂಟರುಗಳಿವೆ, ಎರಡೂ ಭಾಷೆ ಬಲ್ಲ ಸಿಬ್ಬಂದಿಯೂ ಇದ್ದಾರೆ. ಹೀಗೆ ಮದುವೆಯಾಗಿ ಬಂದವರ ತವರಿನ ಊರು ಮತ್ತು ತಂದೆಯ ಹೆಸರನ್ನು ಬಿಎಲ್‌ಒ ಬರೆದುಕೊಂಡು ಹೋಗಲಿ, ತಾಳೆ ನೋಡುವ ಕೆಲಸವನ್ನು ಎರಡು ಜಿಲ್ಲೆಗಳ ಕಚೇರಿಗಳು ತಾವೇ ಮಾಡಲಿ, ಅದು ಮುಗಿಯುವವರೆಗೆ ಆಕೆಯ ಹೆಸರಿಗೆ ಕೈ ಹಚ್ಚದಿರಲಿ.